ಒಬ್ಬರೇ ಮಾಸ್ತರ ಶಾಲೆಗೆ ಹುಡುಕುವ ಪದ ಯಾವುದು?

ಶಿರಸಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ನಾನು ಲೈಬ್ರರಿಯನ್. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಡಿಜಿಟಲ್ ಲೈಬ್ರರಿ ಬಗ್ಗೆ ಎಷ್ಟೋ ಕಾರ್ಯಾಗಾರಕ್ಕೆ ಹೋಗಿ ಬಂದಿದ್ದೇನೆ, ಸರ್ಟಿಫಿಕೇಟು ಫೈಲಿನಲ್ಲಿವೆ. ಆದರೆ ನನ್ನ ಕೆಲಸ ಏನು ಅಂತ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನ. ಜುಲೈ ತಿಂಗಳ ಮಳೆ. ಒದ್ದೆ ಛತ್ರಿಯನ್ನು ಬಾಗಿಲ ಹೊರಗೆ ಒರಗಿಸಿ ಒಬ್ಬ ಟೀಚರ್ ಒಳಗೆ ಬಂದರು.

ಅವರು ನಮ್ಮಲ್ಲೇ ಬಿ.ಎಡ್. ಮುಗಿಸಿದವರು. ಈಗ ಸಿದ್ದಾಪುರದ ಕಡೆ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಒಂದರಿಂದ ಐದನೇ ತರಗತಿ, ಹನ್ನೊಂದು ಮಕ್ಕಳು, ಟೀಚರ್ ಅವರೊಬ್ಬರೇ. ನಮ್ಮ ಜಿಲ್ಲೆಯ ಘಟ್ಟದ ಮೇಲೆ ಇಂಥ ಶಾಲೆಗಳು ಹೊಸತಲ್ಲ. ಮನೆಗಳು ಗುಡ್ಡಕ್ಕೊಂದು, ತೋಟಕ್ಕೊಂದು. ಮಳೆಗಾಲದಲ್ಲಿ ಹಳ್ಳ ದಾಟಿ ದೂರದ ಶಾಲೆಗೆ ಸಣ್ಣ ಮಕ್ಕಳನ್ನು ಕಳಿಸೋದು ಆಗದ ಮಾತು. ಹಾಗಾಗಿ ಶಾಲೆ ಚಿಕ್ಕದಾದರೂ ಅಲ್ಲೇ ಇರಬೇಕು.

ಟೀಚರ್ ಕೆಲಸದ ಜೊತೆಗೆ ಶಿಕ್ಷಣ ವಿಷಯದಲ್ಲಿ ಸ್ನಾತಕೋತ್ತರ ಓದು ನಡೆಸಿದ್ದರು. ಕಿರುಪ್ರಬಂಧ ಬರೆಯಬೇಕಿತ್ತು. "ನನ್ನ ಶಾಲೆ ಬಗ್ಗೆನೇ ಬರೀಬೇಕು ಅಂತ ಮಾಡಿದ್ದೇನೆ. ಆದ್ರೆ ಹುಡುಕಿ ಹುಡುಕಿ ಸಾಕಾಯ್ತು. ಇದರ ಬಗ್ಗೆ ಯಾರೂ ಏನೂ ಬರೆದೇ ಇಲ್ಲ ಕಾಣ್ತದೆ" ಅಂದರು.

ಅಲ್ಲಿಯವರೆಗೆ ನನ್ನ ಪದ್ಧತಿ ಬೇರೆಯೇ ಇತ್ತು. ನಮ್ಮ ಕಾಲೇಜು ಎನ್-ಲಿಸ್ಟ್ ಸದಸ್ಯ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಯೋಜನೆ ಅದು. ಆಗ ಅನುದಾನಿತ ಕಾಲೇಜು ವರ್ಷಕ್ಕೆ 5,900 ರೂಪಾಯಿ ಕಟ್ಟಿದರೆ 6,000ಕ್ಕೂ ಜಾಸ್ತಿ ಇ-ಜರ್ನಲ್, ಲಕ್ಷಗಟ್ಟಲೆ ಇ-ಪುಸ್ತಕ ಸಿಗುತ್ತಿದ್ದವು. ನಮ್ಮಂಥ ಸಣ್ಣ ಲೈಬ್ರರಿಗೆ ಅದು ದೊಡ್ಡ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ವರ್ಷ ಹೊಸ ಬ್ಯಾಚ್ ಬಂದ ಕೂಡಲೇ ಎಲ್ಲರಿಗೂ ಐಡಿ ಮಾಡಿಸುತ್ತಿದ್ದೆ. ಒಂದು ಗಂಟೆ ಪ್ರೊಜೆಕ್ಟರ್ ಹಾಕಿ ಹೇಗೆ ಬಳಸಬೇಕು ಅಂತ ತೋರಿಸುತ್ತಿದ್ದೆ. ಅಲ್ಲಿಗೆ ನನ್ನ ಕೆಲಸ ಆಯಿತು ಅಂತ ನಂಬಿದ್ದೆ. ವರ್ಷದ ಕೊನೆಗೆ ಬಳಕೆಯ ಲೆಕ್ಕ ತೆಗೆದರೆ ಎರಡನೇ ಸಲ ಲಾಗಿನ್ ಆದವರು ಬೆರಳೆಣಿಕೆ. ಮಕ್ಕಳಿಗೆ ಓದುವ ಆಸಕ್ತಿಯೇ ಇಲ್ಲ ಅಂತ ನಾನು ಅವರ ಮೇಲೇ ಹಾಕಿದ್ದೆ. ಅದು ತಪ್ಪು.

ಈ ಟೀಚರಿಗೆ ನಾನು ಐಡಿ ಕೊಡುವ ಹಾಗಿರಲಿಲ್ಲ. ಎನ್-ಲಿಸ್ಟ್ ಇರುವುದು ಈಗ ಓದುತ್ತಿರುವವರಿಗೆ ಮತ್ತು ಸಿಬ್ಬಂದಿಗೆ ಮಾತ್ರ, ಹಳೆ ವಿದ್ಯಾರ್ಥಿಗಳಿಗೆ ಇಲ್ಲ. ಕೊಡಲಿಕ್ಕೆ ಪಾಸ್‌ವರ್ಡ್ ಇಲ್ಲದ ಕಾರಣ ನಾನು ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕಾಯಿತು. ಈಗ ಅನಿಸುತ್ತದೆ, ಅವತ್ತು ಐಡಿ ಇದ್ದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸಿಬಿಡುತ್ತಿದ್ದೆ.

ಹಣ ಕೊಡದೆ ಯಾರು ಬೇಕಾದರೂ ಬಳಸಬಹುದಾದ ಎರಿಕ್ ತೆಗೆದೆವು. ಅಮೆರಿಕದ ಶಿಕ್ಷಣ ಇಲಾಖೆ ನಡೆಸುವ ಈ ಡೇಟಾಬೇಸಿನಲ್ಲಿ 1966ರಿಂದ ಈಚೆಗಿನ ಶಿಕ್ಷಣ ಸಂಶೋಧನೆಯ ದಾಖಲೆಗಳಿವೆ. ಟೀಚರ್ 'ಸಿಂಗಲ್ ಟೀಚರ್ ಸ್ಕೂಲ್ ಪ್ರಾಬ್ಲಮ್ಸ್' ಅಂತ ಟೈಪ್ ಮಾಡಿದರು. ರಾಶಿ ರಾಶಿ ಬಂತು. ಒಬ್ಬಂಟಿ ತಾಯಂದಿರ ಮೇಲೊಂದು, ಒಂದೇ ಸೂಚನೆಯಿಂದ ತರಗತಿ ಸುಮ್ಮನಾಗಿಸುವುದರ ಮೇಲೊಂದು. ಸಿಂಗಲ್, ಟೀಚರ್, ಸ್ಕೂಲ್ ಮೂರೂ ಪದ ಎಲ್ಲೋ ಒಂದು ಕಡೆ ಇದ್ದರೆ ಸಾಕು, ಅದು ತಂದು ಸುರಿಯುತ್ತದೆ. "ನೋಡಿ, ಇದೇ ಆಗೋದು" ಅಂದರು ಅವರು.

ಎರಿಕ್‌ನಲ್ಲಿ ಒಂದು ಪದಕೋಶವಿದೆ, ಥಿಸಾರಸ್ ಅನ್ನುತ್ತಾರೆ. ಲೇಖಕರು ತಮ್ಮ ಲೇಖನದಲ್ಲಿ ಏನೇ ಪದ ಬಳಸಿರಲಿ, ಸೂಚಿ ಮಾಡುವವರು ಒಂದು ವಿಷಯಕ್ಕೆ ಒಂದೇ ಪದ ಹಚ್ಚಿರುತ್ತಾರೆ. ಅದನ್ನು ಡಿಸ್ಕ್ರಿಪ್ಟರ್ ಅಂತ ಕರೆಯುತ್ತಾರೆ. ಅಂಗಡಿಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದ ಹಾಗೆ. ಚೀಟಿಯಲ್ಲಿ ಏನು ಬರೆದಿದೆ ಅಂತ ಗೊತ್ತಿದ್ದರೆ ಡಬ್ಬಿ ಕೈಗೆ ಬರುತ್ತದೆ. ನಮ್ಮ ಟೀಚರ ಶಾಲೆಗೆ ಅಲ್ಲಿರುವ ಚೀಟಿ 'ವನ್ ಟೀಚರ್ ಸ್ಕೂಲ್ಸ್'. ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವುದಕ್ಕೆ 'ಮಲ್ಟಿಗ್ರೇಡೆಡ್ ಕ್ಲಾಸಸ್'. ಈ ಪದ ಹಾಕಿದ ಕೂಡಲೇ ಪರದೆಯ ಮೇಲೆ ಬೇರೆಯೇ ಲೋಕ. ಆಸ್ಟ್ರೇಲಿಯಾದ ಹಳ್ಳಿ ಶಾಲೆ, ಅಲಾಸ್ಕಾದ ಹಿಮದ ನಡುವಿನ ಶಾಲೆ. ಯಾರೂ ಬರೆದಿಲ್ಲ ಅಂದುಕೊಂಡಿದ್ದ ವಿಷಯ.

ಆದರೂ ಅವರ ಮುಖ ಅರಳಲಿಲ್ಲ. "ಇದೆಲ್ಲ ಸರಿ. ಆದ್ರೆ ನನಗೆ ಬೇಕಾದ್ದು ಇದಲ್ಲ ಅನಿಸ್ತದೆ" ಅಂದರು.

ಆಗ ನಾನು ಕಂಪ್ಯೂಟರ್ ಬಿಟ್ಟು ಅವರ ಕಡೆ ತಿರುಗಿ ಕೇಳಿದೆ. "ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗೀತಲ್ಲ, ಆಮೇಲೆ ನೀವು ಏನೇನು ಮಾಡ್ತೀರಿ? ಒಂದೊಂದಾಗಿ ಹೇಳಿ."

ಅವರು ಹೇಳುತ್ತಾ ಹೋದರು. ಒಂದು, ಎರಡು, ಮೂರನೇ ತರಗತಿಯವರು ನಲಿ-ಕಲಿ ಕಾರ್ಡ್ ಹಿಡಿದು ನೆಲದ ಮೇಲೆ ಕೂರುತ್ತಾರೆ. ನಾಲ್ಕನೆಯವರಿಗೆ ಹಲಗೆಯ ಮೇಲೆ ಲೆಕ್ಕ ಬರೆದುಕೊಡುತ್ತಾರೆ. ಅಷ್ಟರಲ್ಲಿ ಅಡುಗೆಯವರು ಅಕ್ಕಿ ಅಳೆದುಕೊಡಿ ಅಂತ ಬರುತ್ತಾರೆ. ಫೋನಿನಲ್ಲಿ ಯಾವುದೋ ಮಾಹಿತಿ ತಕ್ಷಣ ಕಳಿಸಿ ಅಂತ ಸಂದೇಶ. ಆ ಹೊತ್ತಿಗೆ ಐದನೇ ತರಗತಿಯ ಒಬ್ಬಳು ಹುಡುಗಿ ಯಾರೂ ಹೇಳದೆ ಎದ್ದು ಹೋಗಿ ಒಂದನೇ ತರಗತಿಯವನ ಕೈ ಹಿಡಿದು ಅಕ್ಷರ ತಿದ್ದಿಸುತ್ತಾಳೆ. "ದಿನಾ ಹೀಗೇ. ಅವಳು ಚಂದ ಕಲಿಸ್ತಾಳೆ. ಆದ್ರೆ ಅವಳ ಪಾಠ ಹಿಂದೆ ಬೀಳ್ತದಾ ಅಂತ ನನಗೆ ಹೆದರಿಕೆ. ಅವಳಿಗೆ ಮೋಸ ಮಾಡ್ತಿದ್ದೇನಾ ಅಂತ."

ಇಬ್ಬರೂ ಒಂದು ಕ್ಷಣ ಸುಮ್ಮನಾದೆವು. ಅವರ ಪ್ರಶ್ನೆ ಅಲ್ಲಿತ್ತು. ಏಕೋಪಾಧ್ಯಾಯ ಶಾಲೆಯ ಸಮಸ್ಯೆಗಳು ಅನ್ನೋದು ಅವರ ಪ್ರಶ್ನೆ ಆಗಿರಲೇ ಇಲ್ಲ. ದೊಡ್ಡ ಮಗು ಸಣ್ಣ ಮಗುವಿಗೆ ಕಲಿಸುವಾಗ ದೊಡ್ಡ ಮಗುವಿಗೆ ಏನಾಗುತ್ತದೆ ಅನ್ನೋದು ಅವರನ್ನು ಕಾಡುತ್ತಿದ್ದ ವಿಷಯ. ಅದಕ್ಕೂ ಎರಿಕ್‌ನಲ್ಲಿ ಚೀಟಿ ಇದೆ: 'ಕ್ರಾಸ್ ಏಜ್ ಟೀಚಿಂಗ್'. ಅದನ್ನು ಹಾಕಿ, ಪೂರ್ತಿ ಬರಹ ಸಿಗುವವು ಮಾತ್ರ ಅಂತ ಆರಿಸಿದೆವು. ಮಳೆಗೆ ಕರೆಂಟ್ ಎರಡು ಸಲ ಹೋಗಿ ಬಂತು. ಅವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಕೂತೇ ಇದ್ದರು.

ಇನ್ನೊಂದು ಸಂಗತಿಯನ್ನೂ ಅವತ್ತು ಹಿಡಿದೆವು. ಹಲವು ತರಗತಿ ಒಟ್ಟಿಗೆ ಕೂರುವ ಬಹುವರ್ಗ ಶಾಲೆಗಳ ಬಗ್ಗೆ ಓದುತ್ತಾ ಹೋದರೆ ಕೊಲಂಬಿಯಾ ದೇಶದ ಎಸ್ಕ್ಯುವೆಲಾ ನುವೆವಾ ಪದೇ ಪದೇ ಎದುರಾಗುತ್ತದೆ. 1970ರ ದಶಕದಲ್ಲಿ ಅಲ್ಲಿನ ಹಳ್ಳಿ ಶಾಲೆಗಳಿಗಾಗಿ ಶುರುವಾದ ಪದ್ಧತಿ. ಮಕ್ಕಳು ತಮ್ಮ ವೇಗದಲ್ಲಿ, ಗುಂಪಿನಲ್ಲಿ, ಕಾರ್ಡು ಮತ್ತು ಕೈಪಿಡಿ ಹಿಡಿದು ಕಲಿಯುತ್ತಾರೆ. ನಮ್ಮ ಕಡೆಗೆ ಬಂದರೆ ಆಂಧ್ರದ ರಿಷಿ ವ್ಯಾಲಿ ಶಾಲೆ. ಅದರ ಸುತ್ತಲಿನ ಸಣ್ಣ ಬಹುವರ್ಗ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರು ಮಾಡಿದ್ದು. ಟೀಚರ್ ದಿನಾ ಕೈಯಲ್ಲಿ ಹಿಡಿಯುವ ಕಾರ್ಡಿನ ಹಿಂದೆ ತಮ್ಮಂಥದೇ ಶಾಲೆಗಳಿದ್ದವು ಅಂತ ಅವರಿಗೆ ಗೊತ್ತಿರಲಿಲ್ಲ. "ಹೌದಾ! ನಾವು ಇದು ಇಲಾಖೆಯಿಂದ ಬಂದದ್ದು ಅಂತ ಮಾತ್ರ ತಿಳ್ಕೊಂಡಿದ್ದೆವು" ಅಂದರು. ಆ ಸಂತೋಷ ನೋಡಿ ನನಗೂ ಕಣ್ಣು ತುಂಬಿ ಬಂತು.

ಆ ವಾರದಿಂದ ನಾನು ಒಂದು ಉದ್ದ ನೋಟ್‌ಬುಕ್ ಇಟ್ಟೆ. ಎಡಗಡೆ ವಿದ್ಯಾರ್ಥಿ ಹೇಳಿದ ಮಾತು, ಅವರು ಹೇಳಿದ ಹಾಗೇ. ಬಲಗಡೆ ಡೇಟಾಬೇಸಿಗೆ ಗೊತ್ತಿರುವ ಪದ. ಕಾರವಾರದಿಂದ ಬಂದ ಹುಡುಗ "ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಒಂದನೇ ತರಗತೀಲಿ ಮಕ್ಕಳು ಬಾಯೇ ಬಿಡೋದಿಲ್ಲ" ಅಂದಿದ್ದ. ಅವನು ಮದರ್ ಟಂಗ್ ಅಂತ ಹುಡುಕುತ್ತಿದ್ದ. ಎರಿಕ್‌ನ ಚೀಟಿ 'ನೇಟಿವ್ ಲ್ಯಾಂಗ್ವೇಜ್'. ಅಡಿಕೆ ಕೊಯ್ಲಿನ ಹೊತ್ತಿಗೆ ಕೂಲಿಯವರ ಮಕ್ಕಳು ಶಾಲೆಗೆ ಬರುವುದಿಲ್ಲ ಅಂತ ಒಬ್ಬಳು ಬರೆಯಹೊರಟಳು. ಅಡಿಕೆ ಅಂತ ಹುಡುಕಿದರೆ ಶಿಕ್ಷಣದ ಡೇಟಾಬೇಸಿನಲ್ಲಿ ಏನು ಸಿಗುತ್ತದೆ? 'ಸೀಸನಲ್ ಲೇಬರರ್ಸ್' ಮತ್ತು 'ಅಟೆಂಡೆನ್ಸ್' ಎರಡನ್ನೂ ಸೇರಿಸಿದೆವು. ಬೇರೆ ದೇಶದಲ್ಲಿ ಹಣ್ಣು ಕೀಳಲು ವಲಸೆ ಹೋಗುವವರ ಮಕ್ಕಳ ಮೇಲಿನ ಅಧ್ಯಯನಗಳು ಸಿಕ್ಕವು. ಬೆಳೆ ಬೇರೆ, ಖಾಲಿ ಬೆಂಚು ಒಂದೇ.

ಕನ್ನಡದಲ್ಲೇ ಹುಡುಕಬೇಕಾದಾಗ ಕಷ್ಟ ಬೇರೆ ತರಹದ್ದು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ವೆಬ್‌ಸೈಟ್ ಇದೆ, ಯಾರು ಬೇಕಾದರೂ ತೆರೆದು ಓದಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಆದರೆ ಕನ್ನಡದ ಎಷ್ಟೋ ಪ್ರಬಂಧಗಳನ್ನು ಟೈಪ್ ಮಾಡಿದ್ದು ನುಡಿಯಂಥ ಹಳೆಯ ಫಾಂಟಿನಲ್ಲಿ. ನೋಡಲು ಚಂದದ ಕನ್ನಡ. ಅದರಲ್ಲಿರುವ 'ಕನ್ನಡ' ಅನ್ನುವ ಪದವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ನಡುವೆ ಒಂದು ಪೌಂಡ್ ಚಿಹ್ನೆ ಬರುತ್ತದೆ. ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ನೀವು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತ ತಿಳಿಯುವ ಅಕ್ಷರ ಪದ್ಧತಿಯಲ್ಲಿ, ಎಷ್ಟೇ ಸರಿಯಾಗಿ ಟೈಪ್ ಮಾಡಿ ಹುಡುಕಿದರೂ ಒಳಗಿನ ಪುಟ ಸಿಗುವುದಿಲ್ಲ. ಶೀರ್ಷಿಕೆಯೂ ಕೆಲವು ಕಡೆ ಇಂಗ್ಲಿಷ್ ಅಕ್ಷರದಲ್ಲಿದೆ. ಹಾಗಾಗಿ ನಾನು ಹೇಳುವುದು: ಕನ್ನಡ ಪದ, ಅದೇ ಪದ ಇಂಗ್ಲಿಷ್ ಅಕ್ಷರದಲ್ಲಿ, ಆಮೇಲೆ ಇಂಗ್ಲಿಷ್ ಪದ, ಮೂರು ಸಲ ಹುಡುಕಿ. ಅದೂ ಆಗದಿದ್ದರೆ ವಿಶ್ವವಿದ್ಯಾಲಯ, ವಿಭಾಗ ಆರಿಸಿಕೊಂಡು ಪಟ್ಟಿಯನ್ನು ಕಣ್ಣಲ್ಲೇ ಓದಿ. ಬರೆಯುವವರಿಗೂ ಕೈ ಮುಗಿದು ಕೇಳುತ್ತೇನೆ, ದಯವಿಟ್ಟು ಯೂನಿಕೋಡ್ ಬಳಸಿ. ವರ್ಷಗಟ್ಟಲೆ ಕಷ್ಟಪಟ್ಟು ಬರೆದದ್ದು ಯಾರಿಗೂ ಸಿಗದೇ ಹೋದರೆ ಹೊಟ್ಟೆ ಉರಿಯುತ್ತದೆ.

ಎಲ್ಲ ಪರದೆಯ ಮೇಲೇ ಇಲ್ಲ ಅನ್ನೋದನ್ನೂ ಹೇಳಬೇಕು. ಭಾರತದ ಹಳೆಯ ಶಿಕ್ಷಣ ಸಂಶೋಧನೆಯ ಸಾರ ಬೇಕಾದರೆ ಎಂ.ಬಿ. ಬುಚ್ ಅವರು ಸಂಪಾದಿಸಿದ ಸಮೀಕ್ಷೆಯ ಸಂಪುಟಗಳನ್ನು ನೋಡಬೇಕು. ಮೊದಲನೆಯದು ಬಂದದ್ದು 1974ರಲ್ಲಿ. ದಪ್ಪ ಪುಸ್ತಕ, ಧೂಳು ಹಿಡಿದಿರುತ್ತದೆ. ವಿದ್ಯಾರ್ಥಿಗಳಿಗೆ ನಾನೇ ಕೈಗೆ ತೆಗೆದುಕೊಡುತ್ತೇನೆ.

ಈಗೀಗ ಕೆಲವರು ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿ ಹಿಡಿದು ಬರುತ್ತಾರೆ. ಒಮ್ಮೆ ಒಬ್ಬಳು ತಂದ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸಿದೆವು. ಜರ್ನಲ್ ನಿಜ, ವರ್ಷ ನಿಜ, ಲೇಖನ ಮಾತ್ರ ಎಲ್ಲೂ ಇಲ್ಲ. ಪಾಪ, ಅವಳು ಅದನ್ನು ಆಗಲೇ ತನ್ನ ವರದಿಯಲ್ಲಿ ಸೇರಿಸಿದ್ದಳು. ಹುಡುಕಲು ಬೇಕಾದ ಬೇರೆ ಬೇರೆ ಪದಗಳನ್ನು ಅದರ ಹತ್ತಿರ ಕೇಳಿ, ಅಡ್ಡಿಯಿಲ್ಲ. ಲೇಖನದ ಹೆಸರನ್ನು ಮಾತ್ರ ಡೇಟಾಬೇಸಿನಲ್ಲಿ ಕಣ್ಣಾರೆ ಕಂಡ ಮೇಲೇ ಬರೆಯಿರಿ.

ಸಿಕ್ಕಿದ್ದನ್ನು ಮನೆಗೆ ಮುಟ್ಟಿಸುವುದೂ ನಮ್ಮ ಕೆಲಸವೇ. ಎರಿಕ್‌ನಲ್ಲಿ ಇ.ಡಿ. ಅಂತ ಶುರುವಾಗುವ ಸಂಖ್ಯೆಯ ದಾಖಲೆಗಳು ಬಹಳಷ್ಟು ಪೂರ್ತಿ ಸಿಗುತ್ತವೆ. ಇ.ಜೆ. ಇದ್ದರೆ ಜರ್ನಲ್ ಲೇಖನ, ಹೆಚ್ಚಾಗಿ ಸಾರಾಂಶ ಮಾತ್ರ. ಹಳೆಯ ದಾಖಲೆಗಳು ಸ್ಕ್ಯಾನ್ ಮಾಡಿದವು, ಫೈಲ್ ಭಾರ. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಊರಿನವರಿಗೆ ಲಿಂಕ್ ಕಳಿಸಿ ಏನು ಪ್ರಯೋಜನ? ಕಾಲೇಜಿನಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಟೀಚರಿಗೂ ಅವತ್ತು ಹಾಗೇ ಹಾಕಿಕೊಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡು ಬಸ್ಸಿಗೆ ಓಡಿದರು.

ಮುಂದಿನ ವರ್ಷ ಬಂದಾಗ ಅವರ ಕೈಯಲ್ಲಿ ಕಿರುಪ್ರಬಂಧದ ಪ್ರತಿ ಇತ್ತು. ಲೈಬ್ರರಿಗೆ ಅಂತಲೇ ಒಂದು ಜಾಸ್ತಿ ಮಾಡಿಸಿದ್ದರು. ಆ ಐದನೇ ತರಗತಿಯ ಹುಡುಗಿಯ ಬಗ್ಗೆ ಅದರಲ್ಲಿ ಒಂದು ಇಡೀ ಅಧ್ಯಾಯವಿದೆ, ಹೆಸರು ಬದಲಾಯಿಸಿ ಬರೆದಿದ್ದಾರೆ. ನಾನು ಅದನ್ನು ಲೈಬ್ರರಿಯ ಪುಸ್ತಕ ಪಟ್ಟಿ ಇರುವ ಕೋಹಾ ಸಾಫ್ಟ್‌ವೇರಿಗೆ ಏರಿಸುವಾಗ ವಿಷಯದ ಜಾಗದಲ್ಲಿ ಇಂಗ್ಲಿಷ್ ಚೀಟಿಗಳ ಜೊತೆ 'ಏಕೋಪಾಧ್ಯಾಯ ಶಾಲೆ' ಅಂತ ಹಾಕಿದೆ. ಅದರ ಪಕ್ಕ 'ಒಬ್ಬರೇ ಮಾಸ್ತರ ಶಾಲೆ' ಅಂತಲೂ ಹಾಕಿದೆ. ನಮ್ಮ ಕಡೆ ಜನ ಹೇಳುವುದು ಹಾಗೆ, ಅಲ್ವಾ.

ಇಂಥ ಬರಹಗಳು ಶೋಧಗಂಗಾಕ್ಕೆ ಹೋಗುವುದಿಲ್ಲ. ನಮ್ಮ ಬಿ.ಎಡ್. ಮಕ್ಕಳ ಕ್ರಿಯಾ ಸಂಶೋಧನೆಯ ವರದಿಗಳೂ ಹಾಗೇ, ಕಪ್ಪು ರೆಕ್ಸಿನ್ ಹೊದಿಕೆಯಲ್ಲಿ ಕಪಾಟಿನಲ್ಲಿವೆ. ಹಾಲಕ್ಕಿ ಮಕ್ಕಳ ಹಾಡು ಹಿಡಿದು ಓದು ಕಲಿಸಿದವರಿದ್ದಾರೆ, ಯಲ್ಲಾಪುರದ ಸಿದ್ದಿ ಮಕ್ಕಳ ಜೊತೆ ಲೆಕ್ಕ ಮಾಡಿದವರಿದ್ದಾರೆ. ಮಳೆಗಾಲ ಬಂದರೆ ಎಲ್ಲಕ್ಕೂ ಬೂಸು. ಒಂದೊಂದನ್ನೇ ಒರೆಸಿ, ಶೀರ್ಷಿಕೆ ಮತ್ತು ಸಾರಾಂಶವನ್ನು ಯೂನಿಕೋಡಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಕೆಳಗಿನ ಕಪಾಟಿನಿಂದ ಶುರು ಮಾಡಿದೆ, ತೇವ ಮೊದಲು ಹತ್ತುವುದು ಅಲ್ಲಿಗೆ. ಈಗ ಎರಡನೆಯದರಲ್ಲಿದ್ದೇನೆ.