ಸಾತಾರದ ಘಾಟಿನಲ್ಲಿ ಮಳೆಯ ಜೊತೆ 21 ಕಿಲೋಮೀಟರ್

ಶನಿವಾರ ರಾತ್ರಿ ಹನ್ನೊಂದಕ್ಕೆ ಎಚ್ಚರವಾಯಿತು. ಲಾಡ್ಜಿನ ಕಿಟಕಿಯ ಹೊರಗಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಎರಡಕ್ಕೆ ಮತ್ತೆ ಎಚ್ಚರ, ಅದೇ ಸದ್ದು. ನಾಲ್ಕಕ್ಕೆ ಅಲಾರಾಂ ಹೊಡೆದಾಗ ಪಕ್ಕದ ಮಂಚದಲ್ಲಿ ನಮ್ಮ ಗುಂಪಿನ ಕಾಕಾ ಆಗಲೇ ಎದ್ದು ಕೂತು ಶೇಂಗಾ ಹೋಳಿಗೆ ತಿನ್ನುತ್ತಿದ್ದರು. ನಾನು ಪರದೆ ಸರಿಸಿ ಸರಿಸಿ ನೋಡುವುದನ್ನು ಕಂಡು, “ತಮ್ಮಾ, ಎಷ್ಟ್ ಸಲ ನೋಡ್ತಿ? ನೀ ನೋಡಿದ್ರ ಅದೇನ್ ನಿಲ್ಲೂದಿಲ್ಲ. ಹೋಳ್ಗಿ ತಿನ್ನು” ಎಂದರು.

ಮಹಾರಾಷ್ಟ್ರದ ಸಾತಾರ ಹಿಲ್ ಹಾಫ್ ಮ್ಯಾರಥಾನ್‌ಗೆ ಹೋಗುವವರು ಮಳೆ ಬರುತ್ತದೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬರುತ್ತದೆ ಎಂದೇ ಹೊರಡಿ. 2012ರಲ್ಲಿ ಶುರುವಾದ ಈ ಓಟ ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನ ಒಂದು ಭಾನುವಾರ ನಡೆಯುತ್ತದೆ. ಸಹ್ಯಾದ್ರಿಯ ಆ ಬದಿಯಲ್ಲಿ ಅದು ಮಳೆಗಾಲವೇ. ಹೆಸರು ನೋಂದಾಯಿಸುವುದು ಮಾತ್ರ ತಿಂಗಳುಗಳ ಮೊದಲೇ ಆಗಬೇಕು. ತಡ ಮಾಡಿದರೆ ಜಾಗ ಸಿಗುವುದಿಲ್ಲ.

ಧಾರವಾಡದಿಂದ ಸಾತಾರ ಸುಮಾರು 310 ಕಿ.ಮೀ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ ದಾಟಿ ಒಂದೇ ಹೆದ್ದಾರಿ. ನಾವು ನಾಲ್ವರು ಕಾರಿನಲ್ಲಿ ಶನಿವಾರ ಬೆಳಿಗ್ಗೆ ಆರಕ್ಕೆ ಬಿಟ್ಟೆವು. ಈ ದಾರಿಯಲ್ಲಿ ದಾಟಬೇಕಾದ ಹೊಳೆಗಳು ಒಂದೆರಡಲ್ಲ. ಘಟಪ್ರಭಾ, ಹಿರಣ್ಯಕೇಶಿ, ವೇದಗಂಗಾ, ದೂಧಗಂಗಾ, ಪಂಚಗಂಗಾ, ವಾರಣಾ, ಆಮೇಲೆ ಕೊಯ್ನಾ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ, ಕೊಲ್ಹಾಪುರದ ಶಿರೋಲಿಯಲ್ಲಿ ರಸ್ತೆ ಮೇಲೆ ನೀರು ಬಂದು ಹೆದ್ದಾರಿಯೇ ಬಂದಾಗಿತ್ತು. ಹಾಗಾಗಿ ಹೊರಡುವ ಎರಡು ದಿನ ಮೊದಲೇ ಆ ಎರಡು ಕಡೆಯ ಸುದ್ದಿ ನೋಡಿಕೊಳ್ಳಿ. ರೈಲು ಬೇಕೆಂದರೆ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಸಾತಾರದಲ್ಲಿ ನಿಲ್ಲುತ್ತದೆ. ಆದರೆ ಅದು ದಿನಾ ಇಲ್ಲ, ನೋಡಿ ಬುಕ್ ಮಾಡಿ. ಸ್ಟೇಷನ್ ಊರಿನಿಂದ ಹೊರಗಿದೆ, ಆಟೋ ಹಿಡಿಯಬೇಕು.

ಇನ್ನೊಂದು ಮಾತು. ದಾರಿಯಲ್ಲಿ ಕೊಲ್ಹಾಪುರ ಬರುತ್ತದೆ, ಮಿಸಳ್ (ಮೊಳಕೆಕಾಳಿನ ಖಾರದ ತಿಂಡಿ) ವಾಸನೆ ಬರುತ್ತದೆ. ಹೋಗುವಾಗ ಬೇಡ. ನಮ್ಮಲ್ಲಿ ಒಬ್ಬ ತಿಂದ. ಭಾನುವಾರ ಬೆಳಗಿನ ಜಾವ ಅವನು ಬಚ್ಚಲಿನಲ್ಲಿ ಕಳೆದ ಹೊತ್ತನ್ನು ಇಲ್ಲಿ ಬರೆಯುವುದಿಲ್ಲ. ನಾವು ಉಳಿದವರು ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ತಿಂದು ಮಲಗಿದೆವು. ಎದೆಗೆ ಸಿಕ್ಕಿಸಿಕೊಳ್ಳುವ ಬಿಬ್ ನಂಬರ್ ಹಿಂದಿನ ದಿನವೇ ಹೋಗಿ ತೆಗೆದುಕೊಳ್ಳಬೇಕು, ಅದಕ್ಕೆ ಮಧ್ಯಾಹ್ನದೊಳಗೆ ಊರು ಮುಟ್ಟಿದರೆ ಆರಾಮ.

ಈಗ ಉಡುಪಿನ ವಿಷಯ. ಕಾಟನ್ ಟೀ ಶರ್ಟ್ ಬೇಡವೇ ಬೇಡ. ನೀರು ಕುಡಿದು ಜೋತು ಬಿದ್ದು ಮೈಯನ್ನೆಲ್ಲ ಉಜ್ಜುತ್ತದೆ. ತೊಡೆ ಸಂದು, ಕಂಕುಳ, ಬೆರಳುಗಳ ನಡುವೆ ವ್ಯಾಸಲೀನ್ ದಪ್ಪಗೆ ಹಚ್ಚಿ. ಕಾಕಾ ಮೊದಲ ವರ್ಷ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರಂತೆ. ಎರಡು ಕಿಲೋಮೀಟರಿಗೆ ತೊಳೆದು ಹೋಯಿತಂತೆ. ಗಂಡಸರು ನಾಚಿಕೆ ಬಿಟ್ಟು ಮೊಲೆತೊಟ್ಟಿನ ಮೇಲೆ ಬ್ಯಾಂಡೇಡ್ ಅಂಟಿಸಿಕೊಳ್ಳಿ. ಗುರಿ ಮುಟ್ಟಿದ ಮೇಲೆ ಬಿಳಿ ಅಂಗಿಯ ಮೇಲೆ ಎರಡು ಕೆಂಪು ಗೆರೆ ಇಳಿದವರನ್ನು ನಾನೇ ನೋಡಿದ್ದೇನೆ. ರೇನ್‌ಕೋಟ್ ಹಾಕಿಕೊಂಡು ಓಡಿದರೆ ಒಳಗೆ ಬೆವರಿ ಬೇಯುತ್ತೀರಿ. ಓಟ ಶುರುವಾಗುವ ತನಕ ಮೈ ಬೆಚ್ಚಗಿರಬೇಕು, ಅಷ್ಟೇ. ಅದಕ್ಕೆ ಕಾಕಾ ಕಸದ ದೊಡ್ಡ ಕಪ್ಪು ಚೀಲ ತಂದಿದ್ದರು. ಅದರ ಒಂದು ಮೂಲೆಯನ್ನು ಇನ್ನೊಂದು ಮೂಲೆಯ ಒಳಗೆ ತೂರಿಸಿ, ಗದ್ದೆಯಲ್ಲಿ ಹಾಕಿಕೊಳ್ಳುವ ಕೊಪ್ಪೆಯ ಹಾಗೆ ತಲೆ ಮೇಲೆ ಹಾಕಿಕೊಂಡರು. ಪಕ್ಕದಲ್ಲಿ ನಿಂತಿದ್ದ ಪುಣೆಯ ಹುಡುಗರು ಮೊದಲು ನಕ್ಕರು. ಹತ್ತು ನಿಮಿಷ ಬಿಟ್ಟು, ಇನ್ನೊಂದು ಚೀಲ ಇದೆಯಾ ಎಂದು ಕೇಳಿದರು.

ಓಟ ಊರೊಳಗಿಂದ ಶುರುವಾಗುತ್ತದೆ. ಆ ಮಳೆಯಲ್ಲೂ ಜನ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಂದು ಕಡೆ ಢೋಲ್ ತಾಷಾ. ಹುಮ್ಮಸ್ಸಿಗೆ ಅಲ್ಲೇ ವೇಗ ಹೆಚ್ಚಿಸಿಬಿಡುತ್ತೇವೆ, ಅದು ತಪ್ಪು. ಊರೊಳಗಿನ ರಸ್ತೆಯೇ ಸಣ್ಣಗೆ ಏರುತ್ತಿರುತ್ತದೆ, ಗೊತ್ತಾಗುವುದಿಲ್ಲ. ಬೋಗದಾ ಎಂಬ ಜಾಗದ ಹತ್ತಿರ (ನಮ್ಮ ಕಡೆಯ ಬೋಗದೆಯೇ, ಹಳೆಯ ಸುರಂಗ) ಊರು ಮುಗಿದು ಯವತೇಶ್ವರದ ಘಾಟು ಹಿಡಿಯುತ್ತದೆ. ಇದು ಕಾಡುಹೂವುಗಳಿಗೆ ಹೆಸರಾದ ಕಾಸ್ ಪಠಾರಕ್ಕೆ (ಗುಡ್ಡದ ಮೇಲಿನ ಬಯಲಿಗೆ) ಹೋಗುವ ರಸ್ತೆ. ಸಾತಾರ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್, ಕಾಸ್ ಸುಮಾರು 1200. ಅಲ್ಲಿಯ ತನಕ ಓಡಬೇಕಾಗಿಲ್ಲ, ಆದರೆ ಹತ್ತಬೇಕಾದ್ದು ಆ ಗುಡ್ಡವನ್ನೇ.

ಏರುವಾಗ ಮಳೆ ಕಾಡಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಇಲ್ಲಿ ಬಿಸಿಲು ಬಿದ್ದಿದ್ದರೆ ನಾನು ಅರ್ಧಕ್ಕೇ ಕೂತುಬಿಡುತ್ತಿದ್ದೆ. ತೊಂದರೆ ಕೊಟ್ಟಿದ್ದು ಕನ್ನಡಕ. ಹೊರಗೆ ಹನಿ, ಒಳಗೆ ಆವಿ. ಒರೆಸೋಣವೆಂದರೆ ಮೈ ಮೇಲೆ ಒಣಗಿದ ಬಟ್ಟೆಯ ಒಂದು ಎಳೆಯೂ ಇಲ್ಲ. ಕೊನೆಗೆ ತೆಗೆದು ಕೈಯಲ್ಲಿ ಹಿಡಿದೆ. ಮುಂದೆ ಚಾಚಿದ ಅಂಚಿರುವ ಟೋಪಿ ಇದ್ದರೆ ಅರ್ಧ ಸಮಸ್ಯೆ ಇರುವುದಿಲ್ಲ. ನನ್ನದು ಲಾಡ್ಜಿನಲ್ಲೇ ಉಳಿದಿತ್ತು.

ಮೇಲೆ ಹೋದಂತೆ ಮಂಜು. ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಹೋಗುವುದೂ ಬರುವುದೂ ಅದೇ ರಸ್ತೆಯಲ್ಲಿ. ಮೊದಲು ತಿರುಗಿದವರು ಎದುರಿನಿಂದ ಇಳಿಯುವಾಗ ಮೊದಲು ಚಪ್ ಚಪ್ ಎಂದು ಒದ್ದೆ ಶೂ ಸದ್ದು ಕೇಳುತ್ತದೆ, ಆಮೇಲೆ ಉಸಿರು, ಆಮೇಲೆ ಮಂಜಿನಿಂದ ಆಳು ಹೊರಬರುತ್ತಾನೆ. ನಿಮ್ಮ ಬದಿ ಬಿಟ್ಟು ಆಚೆ ಹೋಗಬೇಡಿ, ಡಿಕ್ಕಿಯಾಗುತ್ತದೆ. ಕಡಿದಾದ ಕಡೆ ನಡೆಯಿರಿ. ನಾಚಿಕೆಯೇನಿಲ್ಲ, ಅಲ್ಲಿ ಬಹಳ ಜನ ನಡೆಯುತ್ತಾರೆ. ಬಾಯಾರಿಕೆ ಆಗದಿದ್ದರೂ ಆಗಾಗ ಎರಡು ಗುಟುಕು ನೀರು ಕುಡಿಯಿರಿ. ಮಳೆಯಲ್ಲೂ ಬೆವರು ಹೋಗುತ್ತಿರುತ್ತದೆ, ಕಾಣುವುದಿಲ್ಲ ಅಷ್ಟೇ.

ಎಲ್ಲರೂ ಏರಿಗೆ ಹೆದರುತ್ತಾರೆ. ಹೆದರಬೇಕಾದ್ದು ಇಳಿಜಾರಿಗೆ. ಒದ್ದೆ ಡಾಂಬರು ಪರವಾಗಿಲ್ಲ, ಕಾಲು ಹಿಡಿಯುತ್ತದೆ. ಜಾರುವುದು ಬಿಳಿ ಬಣ್ಣದ ಪಟ್ಟೆಗಳ ಮೇಲೆ, ತಿರುವಿನಲ್ಲಿ ಹರಿದು ಬಂದ ಕೆಂಪು ಮಣ್ಣಿನ ಮೇಲೆ, ನೀರಿನ ಜಾಗದಲ್ಲಿ ಎಸೆದ ಬಾಟಲಿಗಳ ಮೇಲೆ. ನಾನು ಜಾರಿದ್ದು ಬಾಳೆಹಣ್ಣಿನ ಸಿಪ್ಪೆ ಮೇಲೆ! ಕೈ ಊರಿ ಬಚಾವಾದೆ, ಅಂಗೈ ತರಚಿತು. ದೊಡ್ಡ ಹೆಜ್ಜೆ ಹಾಕಿ ಹಿಮ್ಮಡಿ ಊರುತ್ತ ಇಳಿದರೆ ಮೊಣಕಾಲು ಹೋಗುತ್ತದೆ. ಸಣ್ಣ ಸಣ್ಣ ಹೆಜ್ಜೆ, ಮೈ ಸ್ವಲ್ಪ ಮುಂದಕ್ಕೆ. ಇದನ್ನು ಊರಲ್ಲೇ ರೂಢಿ ಮಾಡಿಕೊಂಡು ಹೋಗಿ. ನಾವು ಹತ್ತುವುದನ್ನಷ್ಟೇ ಅಭ್ಯಾಸ ಮಾಡಿ ಇಳಿಯುವುದನ್ನು ಬಿಟ್ಟಿದ್ದೆವು. ಮರುದಿನ ಆಫೀಸಿನ ಮೆಟ್ಟಿಲನ್ನು ಹಿಂದೆ ಹಿಂದೆ ಇಳಿಯಬೇಕಾಯಿತು.

2 ಗಂಟೆ 41 ನಿಮಿಷಕ್ಕೆ ಮುಗಿಸಿದೆ. ಬಯಲಿನಲ್ಲಿ ಓಡುವುದಕ್ಕಿಂತ 24 ನಿಮಿಷ ಜಾಸ್ತಿ. ಇಲ್ಲಿ ನಿಮ್ಮ ಹಳೆಯ ಟೈಮಿಂಗ್ ಮುರಿಯುವ ಆಸೆ ಇಟ್ಟುಕೊಳ್ಳಬೇಡಿ.

ನನ್ನ ದೊಡ್ಡ ತಪ್ಪು ಇದಾದ ಮೇಲೆ ಆಯಿತು. ಓಡುತ್ತಿರುವಾಗ ಮಳೆ ಏನೂ ಮಾಡುವುದಿಲ್ಲ, ನಿಂತ ಕೂಡಲೇ ಹಿಡಿಯುತ್ತದೆ. ಪದಕ ಹಾಕಿಸಿಕೊಂಡು, ಫೋಟೋಗೆ ನಿಂತು, ಗೆಳೆಯನಿಗೆ ಕಾಯುತ್ತ ಹದಿನೈದು ನಿಮಿಷ ಗಾಳಿಗೆ ಮೈಯೊಡ್ಡಿದೆ. ಹಲ್ಲು ಕಟಕಟ ಎನ್ನತೊಡಗಿತು. ಒಣ ಬಟ್ಟೆ ಇದ್ದದ್ದು ಒಂದೂವರೆ ಕಿಲೋಮೀಟರ್ ದೂರ ನಿಲ್ಲಿಸಿದ್ದ ಕಾರಿನಲ್ಲಿ. ಕಾರಿನ ಕೀಲಿ ಇದ್ದದ್ದು ಇನ್ನೂ ಘಾಟು ಇಳಿಯುತ್ತಿದ್ದ ಮಿಸಳ್ ಗೆಳೆಯನ ಹತ್ತಿರ. ಫೋನ್ ಮಾಡೋಣವೆಂದರೆ ಬೆರಳು ಮರಗಟ್ಟಿ, ಒದ್ದೆ ಪರದೆ ಬೇರೆ ಏನೇನೋ ಒತ್ತುತ್ತಿತ್ತು. ಕಾಕಾ ನನ್ನ ತುಟಿ ನೋಡಿ ಏನೂ ಮಾತಾಡದೆ ಎಳೆದುಕೊಂಡು ಹೋಗಿ ಚಹಾದ ಅಂಗಡಿಯ ಒಲೆ ಪಕ್ಕ ಕೂರಿಸಿದರು. ತಮ್ಮ ಚೀಲದಿಂದ ಪಂಚೆ ತೆಗೆದು ಕೊಟ್ಟು, “ಮೊದ್ಲ ಅಂಗಿ ಬಿಚ್ಚು” ಎಂದರು. ಎರಡು ಚಹಾ ಆದ ಮೇಲೆ ಮೈಗೆ ಜೀವ ಬಂತು.

ಆದ್ದರಿಂದ ಟವೆಲ್, ಒಳ ಉಡುಪು, ಬೆಚ್ಚನೆಯ ಅಂಗಿ, ಚಪ್ಪಲಿ ಇವಿಷ್ಟನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಗುರಿಯ ಹತ್ತಿರವೇ ಸಿಗುವಂತೆ ಇಡಿ. ಓಟದ ಆಯೋಜಕರ ಬಳಿ ಚೀಲ ಇಡುವ ವ್ಯವಸ್ಥೆ ಇದ್ದರೆ ಬಳಸಿ, ಇಲ್ಲವೇ ಓಡದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋಟೋ ಆಮೇಲೆ. ಮೊದಲು ಬಟ್ಟೆ ಬದಲಿಸಿ. ಲಾಡ್ಜಿನಲ್ಲಿ ಬಿಸಿನೀರು ಯಾವ ಹೊತ್ತಿನ ತನಕ ಎಂದು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ನಾವು ಮುಟ್ಟುವ ಹೊತ್ತಿಗೆ ನಮ್ಮಲ್ಲಿ ಮುಗಿದುಹೋಗಿತ್ತು.

ಕಾಸ್‌ನ ಹೂವು ನೋಡಬೇಕೆಂದರೆ ಸೋಮವಾರ ರಜೆ ಹಾಕಿ, ಪ್ರವೇಶದ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ. ನಮಗೆ ಆಗಲಿಲ್ಲ. ಸಾತಾರದ ಕಂದಿ ಪೇಡಾ ಮಾತ್ರ ತಂದೆವು. ನಮ್ಮ ಪೇಡಾದ ಹಾಗೆ ಮೇಲೆ ಸಕ್ಕರೆ ಇಲ್ಲ, ಸಿಹಿಯೂ ಕಡಿಮೆ. ಚೆನ್ನಾಗಿದೆ ಎಂದು ಧಾರವಾಡದಲ್ಲಿ ಕೂತು ಇಷ್ಟೇ ಹೇಳಬಹುದು.

ವಾಪಸು ಬರುವಾಗ ಕೊಲ್ಹಾಪುರದಲ್ಲಿ ನಾಲ್ವರೂ ಮಿಸಳ್ ತಿಂದೆವು. ಶೂಗಳ ಒಳಗೆ ಮರಾಠಿ ಪೇಪರ್ ತುರುಕಿ ಡಿಕ್ಕಿಯಲ್ಲಿ ಇಟ್ಟಿದ್ದೆವು, ಒಂದೆರಡು ಗಂಟೆಗೊಮ್ಮೆ ಬದಲಿಸಬೇಕು. ನಿಪ್ಪಾಣಿ ದಾಟಿ ತವಂದಿ ಘಾಟು ಹತ್ತುವಾಗ ಮತ್ತೆ ಮಳೆ ಹಿಡಿಯಿತು. ಕಾಕಾ ಹಿಂದಿನ ಸೀಟಿನಲ್ಲಿ ಕೊಪ್ಪೆಯ ಚೀಲವನ್ನು ಮಡಚಿ ಜೇಬಿಗೆ ಸೇರಿಸುತ್ತ, ಮುಂದಿನ ವರ್ಷದ ನೋಂದಣಿ ಯಾವಾಗ ಶುರುವಾಗುತ್ತದೆ ಎಂದು ಕೇಳುತ್ತಿದ್ದರು.