ಮಾತು ದಾಟಿತು, ಒಂದನೇ ಬಟನ್ ದಾಟಲಿಲ್ಲ

ನಮ್ಮ ಒಬ್ಬ ಕ್ಲಯಂಟ್‌ಗೆ ಪಿಆರ್‌ಐ ಲೈನ್ (ಒಟ್ಟಿಗೆ ಹಲವು ಕಾಲ್ ತರುವ ಫೋನ್ ಲೈನ್) ಬರುವುದು ಮಂಗಳೂರಿಗೆ, ಐವಿಆರ್ ಸರ್ವರ್ (ಫೋನ್ ಎತ್ತಿ 'ಕನ್ನಡಕ್ಕೆ ಒಂದು ಒತ್ತಿ' ಅನ್ನುವ ಮೆಷಿನ್) ಇರುವುದು ಉಡುಪಿಯಲ್ಲಿ. ನಡುವೆ 512 ಕೆಬಿಪಿಎಸ್ (ಸೆಕೆಂಡಿಗೆ 512 ಸಾವಿರ ಬಿಟ್) ಡೇಟಾ ಲಿಂಕ್. ಸದ್ದನ್ನು ಬಿಟ್‌ಗಳಾಗಿ ಬದಲಿಸುವ ಕೋಡೆಕ್ ಜಿ.711. ಅದರಲ್ಲಿ ಒಂದು ಕಾಲ್‌ಗೆ 64 ಕೆಬಿಪಿಎಸ್, ಪ್ರತಿ ಪ್ಯಾಕೆಟ್‌ಗೂ ಅಂಟುವ ವಿಳಾಸದ ಹೆಡರ್ ಸೇರಿದರೆ 80. ಆರು ಕಾಲ್ ದಾಟಿದರೆ ಮಾತು ಕಡಿದು ಕಡಿದು ಬರುತ್ತಿತ್ತು. ದೊಡ್ಡ ಲಿಂಕ್ ಕೊಡಿ ಅಂತ ಮೂರು ಸಲ ಮೇಲ್ ಹಾಕಿದ್ದೆ. ಇದ್ದದ್ದರಲ್ಲೇ ಸುಧಾರಿಸಿ ಎಂದರು.

ಭಾನುವಾರ ರಾತ್ರಿ ಗೇಟ್‌ವೇಯನ್ನು (ಫೋನ್ ಲೈನನ್ನು ಆ ಲಿಂಕ್‌ಗೆ ಜೋಡಿಸುವ ಪೆಟ್ಟಿಗೆ) ಜಿ.729 ಅನ್ನುವ, ಹೆಚ್ಚು ಕುಗ್ಗಿಸುವ ಕೋಡೆಕ್‌ಗೆ ಬದಲಿಸಿದೆ. ಮಾತಿಗೆ ಬರೀ 8, ಹೆಡರ್ ಸೇರಿ 24. ನನ್ನ ಡೆಸ್ಕಿನಿಂದ ಉಡುಪಿಯ ಎಕ್ಸ್‌ಟೆನ್ಶನ್‌ಗೆ ಫೋನ್ ಮಾಡಿ ವಾಚ್‌ಮನ್ ಅಣ್ಣನ ಹತ್ತಿರ ಮಳೆಯ ಬಗ್ಗೆ ಎರಡು ನಿಮಿಷ ಮಾತಾಡಿದೆ. ಸ್ಪಷ್ಟವಾಗಿತ್ತು. ಅಷ್ಟಕ್ಕೇ ಮನೆಗೆ ಹೋದೆ.

ಸೋಮವಾರ ಹತ್ತು ಗಂಟೆಗೆ ರಿಸೆಪ್ಶನ್‌ನಿಂದ ಫೋನ್. "ಎಂತ ಮಾರಾಯ್ರೇ ಇದು, ಕನ್ನಡಕ್ಕೆ ಒಂದು ಒತ್ತಿ ಅಂತದೆ, ಒತ್ತಿದರೆ ಪುನಃ ಅದನ್ನೇ ಹೇಳ್ತದೆ!" ಹತ್ತರಲ್ಲಿ ಒಂದೆರಡು ಸಲ ಬಟನ್ ಹಿಡಿಯುತ್ತಿತ್ತು. ಅದಕ್ಕೇ ನಾನು ಸರ್ವರ್ ಹ್ಯಾಂಗ್ ಆಗಿದೆ ಅಂದುಕೊಂಡು ಎರಡು ಸಲ ರೀಸ್ಟಾರ್ಟ್ ಮಾಡಿದೆ. ಎರಡು ಸಲವೂ ನಡೆಯುತ್ತಿದ್ದ ಕಾಲ್‌ಗಳೆಲ್ಲ ಕಟ್. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಮಂಡೆಬಿಸಿ ಅಂದರೆ ಅದು.

ಕೊನೆಗೆ ರೆಕಾರ್ಡಿಂಗ್ ಹಾಕಿ ಕೇಳಿದೆ. ಒಬ್ಬರು ಅಜ್ಜಿ ಒತ್ತುತ್ತಲೇ ಇದ್ದಾರೆ. ಆಮೇಲೆ ಆ ಮೆಷಿನ್‌ಗೇ ಹೇಳುತ್ತಾರೆ, "ಒತ್ತಿದೆನಲ್ಲ ಮಗ, ಎಷ್ಟು ಸಲ ಒತ್ತಬೇಕು?" ಆ ಧ್ವನಿ ಈಗಲೂ ನನಗೆ ಚುಚ್ಚುತ್ತದೆ. ಅವರ ಮಾತು ಚೆನ್ನಾಗಿ ಕೇಳುತ್ತಿತ್ತು, ಬಟನ್‌ನ ಸದ್ದು ಮಾತ್ರ ನಡುಗುತ್ತಿತ್ತು. ಆಗ ಹೊಳೆಯಿತು.

ಒಂದು ಒತ್ತಿದರೆ 697 ಮತ್ತು 1209 ಹರ್ಟ್ಸ್ ಒಟ್ಟಿಗೆ ಹೊರಡುತ್ತವೆ. ಜಿ.711 ಸದ್ದನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ನಲ್ಲಿ ಕಳಿಸುತ್ತದೆ. ಯಾವ ಸದ್ದು ಅಂತ ಅದು ನೋಡುವುದಿಲ್ಲ. ಜಿ.729 ಹಾಗಲ್ಲ. ಮನುಷ್ಯರ ಗಂಟಲು, ಬಾಯಿ ಹೇಗೆ ಸದ್ದು ಮಾಡುತ್ತವೆ ಅನ್ನುವ ಲೆಕ್ಕ ಅದರೊಳಗಿದೆ. 10 ಮಿಲಿಸೆಕೆಂಡಿನ ಮಾತನ್ನು 80 ಬಿಟ್‌ಗೆ ಇಳಿಸುವುದು ಆ ಲೆಕ್ಕದಿಂದ. ಬಟನ್ ಟೋನ್ ಗಂಟಲಿನಿಂದ ಬರುವುದಿಲ್ಲ ಅಲ್ವಾ? ಅದು ಕೆಡುತ್ತದೆ.

ಗೇಟ್‌ವೇಯಲ್ಲಿ ಆರ್‌ಎಫ್‌ಸಿ 2833 ಅನ್ನುವ ವಿಧಾನ ಆನ್ ಮಾಡಿದೆ, ಐವಿಆರ್‌ನಲ್ಲೂ. ಈಗ ಕುಗ್ಗಿಸುವ ಮೊದಲೇ ಗೇಟ್‌ವೇ ಟೋನ್ ಗುರುತಿಸಿ, ಅಂಕಿಯನ್ನು ಬೇರೆ ಪ್ಯಾಕೆಟ್‌ನಲ್ಲಿ ಕಳಿಸುತ್ತದೆ. ಮಧ್ಯಾಹ್ನ ಫ್ಯಾಕ್ಸೂ ಹೋಗುತ್ತಿಲ್ಲ ಅಂತ ಗೊತ್ತಾಯಿತು, ಅದೂ ಗಂಟಲಿನ ಸದ್ದಲ್ಲವಲ್ಲ. ಆ ಒಂದು ಎಕ್ಸ್‌ಟೆನ್ಶನ್ ಜಿ.711ರಲ್ಲೇ ಉಳಿಯಿತು.

ಈಗ ಕೋಡೆಕ್ ಮುಟ್ಟಿದರೆ ಹೊರಗಿನಿಂದ, ಮೊಬೈಲ್‌ನಲ್ಲಿ ಫೋನ್ ಮಾಡಿ ಸೊನ್ನೆಯಿಂದ ಹ್ಯಾಶ್‌ವರೆಗೆ ಹನ್ನೆರಡೂ ಬಟನ್ ಒತ್ತುತ್ತೇನೆ. ಅಜ್ಜಿಯ ನಂಬರ್ ಲಾಗ್‌ನಲ್ಲಿತ್ತು. ರಿಸೆಪ್ಶನ್‌ನವರಿಂದ ಅವತ್ತೇ ವಾಪಸ್ ಫೋನ್ ಮಾಡಿಸಿದೆ.