ಆ ಹತ್ತು ನಿಮಿಷ

ಹಾಕಿ ಆಟಗಾರರೂ ಕಾಫಿ ವ್ಯಾಪಾರಿಯೂ ಆಗಿದ್ದ ನಮ್ಮ ಹಿರಿಯರೊಬ್ಬರು ತೀರಿಕೊಂಡು, ಮೊನ್ನೆ ಭಾನುವಾರ ಅವರ ಮಾದ, ಅಂದರೆ ಕೊಡವರ ತಿಥಿಕರ್ಮ, ಮುಗಿಯಿತು. ಅವರು ಹೋದ ದಿನ ನಸುಕಿನಲ್ಲಿ, ಸಾವಿನ ಸುದ್ದಿ ಸಾರುವ ಜೋಡಿ ಗುಂಡಿನ ಸದ್ದು ಕೇಳಿದಾಗ ಕೊಡಗಿನ ಅಮ್ಮತ್ತಿ ಕಡೆಯವರು ಯಾರೂ ‘ಯಾರ ಮನೆಯಲ್ಲಿ’ ಎಂದು ಕೇಳಲಿಲ್ಲ. ಮಾದದ ಊಟದಲ್ಲಿ ಹಳಬರು ಹಾಕಿ ಮೈದಾನದ ನಡುವೆ ನಿಂತು ಅವರು ಆಡಿದ ಸೆಂಟರ್ ಹಾಫ್ ಆಟ ನೆನೆದರು, ವ್ಯಾಪಾರದವರು ಗೋದಾಮು ನೆನೆದರು. ಆದರೆ ಈ ವಾರವೆಲ್ಲ ಕಿವಿಯಲ್ಲಿ ಉಳಿದದ್ದು ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಕೈ ತೊಳೆಯುತ್ತಾ ಹೇಳಿದ ಮಾತು.

ಫೆಬ್ರವರಿ, ಕೊಯ್ಲಿನ ಭರಾಟೆ. ಅರವತ್ತು ಮೂಟೆ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಹೇರಿಕೊಂಡು ಆ ಬೆಳೆಗಾರರ ಲಾರಿ ಗೋದಾಮಿನ ಮುಂದೆ ನಿಂತಾಗ ಆರು ಗಂಟೆ ಐದು ನಿಮಿಷ. ಶಟರ್ ಅರ್ಧ ಇಳಿದಿತ್ತು.

“ಅಣ್ಣ, ಇನ್ನೊಂದು ಹತ್ತು ನಿಮಿಷ.”

“ಆ ಹತ್ತು ನಿಮಿಷ ನನ್ನದಲ್ಲ ಮಾರಾಯ. ಲಾರಿ ಒಳಗೆ ನಿಲ್ಲಿಸಿ ಟಾರ್ಪಾಲು ಮುಚ್ಚು. ಇವತ್ತಿನ ರೇಟೇ ಬೆಳಿಗ್ಗೆ ಕೊಡ್ತೇನೆ.”

ಬೆಳಿಗ್ಗೆ ಮಾರುಕಟ್ಟೆ ಕಿಲೋ ಬೀಜಕ್ಕೆ ಮೂರು ರೂಪಾಯಿ ಇಳಿದಿತ್ತು. ಕಾಫಿ ಮಾರಿದವರಿಗೆ ಮಾತ್ರ ಈ ಮೂರು ರೂಪಾಯಿಯ ತೂಕ ಗೊತ್ತು. ಚೆರಿ ಮಾರುವುದು 50 ಕಿಲೋ ಮೂಟೆ ಲೆಕ್ಕದಲ್ಲಿ, ಬೆಲೆ ಕಟ್ಟುವುದು ಮಾತ್ರ ಔಟ್‌ಟರ್ನ್ ಮೇಲೆ, ಅಂದರೆ ಆ ಮೂಟೆಯ ಸಿಪ್ಪೆ ಬಿಡಿಸಿದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬುದರ ಮೇಲೆ. ಔಟ್‌ಟರ್ನ್ 26 ಇದ್ದರೆ ಮೂರು ರೂಪಾಯಿ ಇಳಿತ ಮೂಟೆಗೆ 78 ರೂಪಾಯಿ, ಅರವತ್ತು ಮೂಟೆಗೆ 4,680. ಅಷ್ಟನ್ನೂ ತಮ್ಮ ಕೈಯಿಂದ ಹಾಕಿ ಹಿಂದಿನ ದಿನದ ರೇಟು ಕೊಟ್ಟರಂತೆ. “ಆರು ಗಂಟೆಗೆ ಬಾಗಿಲು ಹಾಕಿದಾಗ ಸಿಟ್ಟು ಬಂದಿತ್ತು. ಬೆಳಿಗ್ಗೆ ಮುಖ ಎತ್ತಿ ನೋಡಲಿಕ್ಕಾಗಲಿಲ್ಲ” ಎಂದರು ಆ ಬೆಳೆಗಾರ.

ಆ ಹತ್ತು ನಿಮಿಷ ಯಾರದಾಗಿತ್ತು ಎಂಬುದು ಮನೆಯವರಿಗೆ ಗೊತ್ತು. ಗೋದಾಮಿನ ಹಿಂದೆ ಮನೆ, ನಡುವೆ ಸಿಮೆಂಟಿನ ಕಣ. ಹಗಲೆಲ್ಲ ಕಾಫಿ ಹರಡಿ, ತಾಸಿಗೊಮ್ಮೆ ಕಾಲಾಡಿಸಿ ತಿರುವಿದ ಕಣ. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಎಳೆದು ಮುಚ್ಚಬೇಕು. ಮೊದಲ ಮೂರ್ನಾಲ್ಕು ದಿನದ ಹಸಿ ಹಣ್ಣನ್ನು ಮಾತ್ರ ರಾಶಿ ಹಾಕಬಾರದು, ಬಿಸಿಯೇರಿ ಹುಳಿ ನಾತ ಹೊಡೆಯುತ್ತದೆ. ಒಣಗಿದ್ದನ್ನು ಮುಚ್ಚಿದ ಮೇಲೆ ಅರ್ಧ ಕಣ ಖಾಲಿ. ಅಲ್ಲಿ ಮೊದಲು ಮಗಳು, ಎಷ್ಟೋ ವರ್ಷದ ನಂತರ ಮೊಮ್ಮಗಳು, ಹಾಕಿ ಸ್ಟಿಕ್ ಹಿಡಿದು ಕಾಯುತ್ತಿದ್ದರು.

ಮಾದದ ದಿನ ಆ ಸ್ಟಿಕ್ ಕಣದ ಗೋಡೆಗೆ ಒರಗಿಕೊಂಡೇ ಇತ್ತು. ಅವರೇ ಆಡಿದ, ಬೆತ್ತದ ಹಿಡಿಯ ಹಳೇ ಮರದ ಸ್ಟಿಕ್. ಮೊಮ್ಮಗಳ ಸೊಂಟದ ಮೂಳೆಗೆ ಸರಿಯಾಗಿ ಅಳೆದು, ಹಿಡಿಯ ಕಡೆಯಿಂದ ಆರು ಇಂಚು ಗರಗಸದಲ್ಲಿ ಕೊಯ್ದಿದ್ದರು. ಹಾಗೆ ಕೊಯ್ದರೆ ತಲೆಯ ಭಾರ ಹಾಗೇ ಉಳಿದು ಮಗುವಿಗೆ ಎತ್ತಿ ಬೀಸಲು ಆಗುವುದಿಲ್ಲ. ಅವರಿಗೆ ಬೇಕಾದದ್ದೂ ಅದೇ. “ಹೊಡೆಯುವುದು ಆಮೇಲೆ, ಮೊದಲು ತಳ್ಳು” ಎನ್ನುತ್ತಿದ್ದರು. ತಳ್ಳುವಾಗ ಚೆಂಡಿಗೂ ಸ್ಟಿಕ್‌ಗೂ ನಡುವೆ ಸಂದು ಇರಬಾರದು, ಎಡಗಾಲು ಮುಂದೆ, ಮೈಭಾರ ಹಿಂಗಾಲಿಂದ ಮುಂಗಾಲಿಗೆ ಬರಬೇಕು. ಚೆಂಡು ತಡೆಯುವಾಗ ಸ್ಟಿಕ್ ಚೆಂಡಿನ ಕಡೆಗೇ ಬಾಗಿರಬೇಕು, ಬಲಗೈ ಸಡಿಲ. ಬಲಗೈ ಬಿಗಿದರೆ ಚೆಂಡು ಪುಟಿದು ಎದುರಾಳಿಯ ಕಾಲಿಗೆ ಹೋಗುತ್ತದೆ. ಸಿಮೆಂಟಿನ ಮೇಲೆ ಚೆಂಡು ಓಡುವ ರಭಸಕ್ಕೆ ಈ ತಪ್ಪು ತಕ್ಷಣ ಗೊತ್ತಾಗುತ್ತದೆ, ಕೆಂಪು ಮಣ್ಣಿನ ಮೈದಾನದಲ್ಲಿ ಅದು ಅಡಗಿಬಿಡುತ್ತದೆ.

ಮಣ್ಣಿನ ಮೈದಾನದಲ್ಲಿ ಬೆಳೆದ ಆಟಗಾರ ಅವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಕೃತಕ ಹಾಸು ಬಂದು, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೇ ಸ್ಥಾನಕ್ಕಿಳಿದದ್ದನ್ನು ಕೊನೆವರೆಗೂ ನೋವಿನಿಂದ ಹೇಳುತ್ತಿದ್ದರು. ಅವರ ಹೆಚ್ಚುಗಾರಿಕೆ ಗೋಲಿನಲ್ಲಿರಲಿಲ್ಲ. ಹಿಂದೆ ನಿಂತ ಫುಲ್‌ಬ್ಯಾಕಿನಿಂದ ಚೆಂಡು ಹೊರಡುವ ಮೊದಲೇ ಕುತ್ತಿಗೆ ತಿರುಗಿಸಿ, ಅದನ್ನು ಯಾರಿಗೆ ಕೊಡಬೇಕೆಂದು ನೋಡಿಟ್ಟುಕೊಳ್ಳುತ್ತಿದ್ದರು. ಜಿಲ್ಲಾ ತಂಡದಲ್ಲಿ ಅವರ ಜೊತೆ ಮುಂಪಡೆಯ ರೈಟ್ ಇನ್ ಆಗಿ ಆಡಿದವರು ಮೊನ್ನೆ ಕಣ್ಣೊರೆಸಿಕೊಂಡು ಹೇಳಿದ್ದೂ ಇದನ್ನೇ: ಕೇಳುವ ಮೊದಲೇ ಚೆಂಡು ಬಂದಿರುತ್ತಿತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅರವತ್ತು ಒಕ್ಕಗಳನ್ನು, ಅಂದರೆ ಕೊಡವ ಮನೆತನಗಳನ್ನು, ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದ ಮೇಲೆ ಇವರಿಗೆ ಆಟವೂ ಮನೆಯೂ ಒಂದೇ ಆಯಿತು. ಮಗಳು ಬೆಳೆದ ಮೇಲೆ ಅವಳನ್ನು ಒಕ್ಕದ ತಂಡದಲ್ಲಿ ಎಡ ಅಂಚಿನ ಲೆಫ್ಟ್ ಔಟ್‌ಗೆ ನಿಲ್ಲಿಸಿದಾಗ ಬಂಧುಗಳಲ್ಲಿ ಕೆಲವರು ಮೂಗು ಮುರಿದರು. ಅದೇ ಬಂಧುಗಳು ಮೊನ್ನೆ ಅವಳ ಆಟ ಹೊಗಳುತ್ತಿದ್ದರು. ಹೊಗಳಲಿ, ಅವಳು ಅದಕ್ಕೆ ಅರ್ಹಳೇ.

ವ್ಯಾಪಾರದಲ್ಲೂ ಅದೇ ಕೈ. 1996ರವರೆಗೂ ಬೆಳೆಗಾರನ ಕಾಫಿಗೆ ಕೇಂದ್ರ ಸರ್ಕಾರದ ಕಾಫಿ ಬೋರ್ಡಿನ ಹಂಗಿತ್ತು. ಮಾರುಕಟ್ಟೆ ಪೂರ್ತಿ ತೆರೆದ ಹೊಸತರಲ್ಲಿ ಔಟ್‌ಟರ್ನ್ ಎಂದರೇನೆಂದೇ ಸಣ್ಣ ಬೆಳೆಗಾರರಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ವ್ಯಾಪಾರಿ ಹೇಳಿದ್ದೇ ಲೆಕ್ಕ. ಇವರು ಸ್ಯಾಂಪಲ್ ಮೇಜನ್ನು ಒಳಕೋಣೆಯಿಂದ ಬಾಗಿಲ ಬಳಿ ತಂದಿಟ್ಟರು. ಯಾವ ಮೂಟೆಯಿಂದ ತೆಗೆಯಬೇಕೆಂದು ಮಾರುವವನೇ ತೋರಿಸಬೇಕು. ಮೇಲಿಂದ, ನಡುವಿಂದ, ಅಡಿಯಿಂದ ತೆಗೆದು ಬೆರೆಸಿ 200 ಗ್ರಾಂ ಚೆರಿ ತೂಗಬೇಕು. ಮೊದಲು ತೇವಾಂಶ ನೋಡಬೇಕು, ಶೇಕಡಾ 11ರ ಆಸುಪಾಸಿನಲ್ಲಿರಬೇಕು. ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ, ಅಂಥದ್ದನ್ನು ಇನ್ನೆರಡು ದಿನ ಒಣಗಿಸಿ ತನ್ನಿ ಎಂದು ವಾಪಸು ಕಳಿಸುತ್ತಿದ್ದರು. ಆಮೇಲೆ ಸಿಪ್ಪೆ ಬಿಡಿಸಿ ಬೀಜ ತೂಗುವುದು. 104 ಗ್ರಾಂ ಬಂದರೆ ನಾಲ್ಕರಿಂದ ಭಾಗಿಸಿ, ಔಟ್‌ಟರ್ನ್ 26. ಇಲ್ಲಿ ಒಂದೇ ಒಂದು ಗ್ರಾಂ ಕಡಿಮೆ ತೋರಿಸಿದರೆ ಮೂಟೆಗೆ ಕಾಲು ಕಿಲೋ ಬೀಜ ಹೋಯಿತು, ನೂರು ಮೂಟೆಗೆ 25 ಕಿಲೋ. ಮೋಸ ಮಾಡಬೇಕೆಂದೇ ಇಲ್ಲ, ಸಿಪ್ಪೆ ಬಿಡಿಸುವ ಯಂತ್ರದ ಸಂದಿನಲ್ಲಿ ಏಳೆಂಟು ಬೀಜ ಉಳಿದರೂ ಸಾಕು. ಅದಕ್ಕೇ ಪ್ರತಿ ಸಲವೂ ಯಂತ್ರ ಬಿಚ್ಚಿ, ತಟ್ಟೆ ಮಗುಚಿ ತಟ್ಟಿ, “ನೀವೇ ತೂಗಿ” ಎನ್ನುತ್ತಿದ್ದರು.

‘ಕುಟುಂಬವತ್ಸಲ’ ಎಂಬ ಮಾತು ಮೊನ್ನೆ ಹಲವರ ಬಾಯಲ್ಲಿ ಬಂತು. ಅದನ್ನು ಗೆದ್ದ ಕಪ್‌ಗಳ ಪಟ್ಟಿ, ವ್ಯಾಪಾರದ ಪಟ್ಟಿ ಎಲ್ಲ ಮುಗಿದ ಮೇಲೆ ಕೊನೆಗೆ ಸೇರಿಸಿದರಲ್ಲ, ಅದು ಸರಿ ಕಾಣಲಿಲ್ಲ. ಆಟ ಮತ್ತು ವ್ಯಾಪಾರ ಮುಗಿದು ಉಳಿದ ಹೊತ್ತನ್ನು ಅವರು ಮನೆಗೆ ಕೊಟ್ಟವರಲ್ಲ. ಮನೆಯ ಹೊತ್ತನ್ನು ಮೊದಲು ತೆಗೆದಿಟ್ಟು, ಅದರಿಂದ ವ್ಯಾಪಾರಕ್ಕಾಗುವ ನಷ್ಟವನ್ನು ತಾವೇ ಹೊತ್ತರು, ಬೆಳೆಗಾರನ ಮೇಲೆ ಹಾಕಲಿಲ್ಲ. ‘ಇವತ್ತಿನ ರೇಟೇ ಬೆಳಿಗ್ಗೆ ಕೊಡ್ತೇನೆ’ ಎಂಬ ಆ ಅರ್ಧ ಮಾತು ಇಲ್ಲದಿದ್ದರೆ ‘ನನ್ನದಲ್ಲ ಮಾರಾಯ’ ಎಂಬುದು ಬರೀ ದರ್ಪವಾಗುತ್ತಿತ್ತು. ಹೆಂಡತಿಗೆ ಮಂಡಿ ಶಸ್ತ್ರಚಿಕಿತ್ಸೆಯಾದ ವರ್ಷ ಗೋದಾಮು ಐದಕ್ಕೇ ಮುಚ್ಚಿತು. ಮಂಡಿ ಎಷ್ಟು ಮಡಿಚುತ್ತದೆ ಎಂದು ದಿನವೂ ನೋಡಿ, ಕಾಫಿಯ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತಿದ್ದರು. ಆ ಪುಟಗಳಲ್ಲಿ ಒಂದು ಕಡೆ ಔಟ್‌ಟರ್ನ್, ಇನ್ನೊಂದು ಕಡೆ 70, 75, 85 ಡಿಗ್ರಿ.

ಮಾದದ ಮರುದಿನ ಸೋಮವಾರ ಮಗಳು ಗೋದಾಮು ತೆರೆದಳು. ಮೊದಲು ಬಂದದ್ದು ಹನ್ನೆರಡು ಮೂಟೆಯ ಸಣ್ಣ ಬೆಳೆಗಾರ. ಅವಳು ತಟ್ಟೆ ಮಗುಚಿ ತಟ್ಟಿದಳು. ಅಂಚಿನಲ್ಲಿ ಎರಡು ಬೀಜ ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ ತಕ್ಕಡಿಗೆ ಹಾಕಿ, ಪಕ್ಕಕ್ಕೆ ಸರಿದು ನಿಂತಳು.

“ನೀವೇ ನೋಡಿ ಅಣ್ಣ.”